ಮ್ಯಾಜಿಕ್ ಸಿಸ್ಟಮ್ ರಚಿಸಲು ಹುಟ್ಟು ಪ್ರತಿಭೆ ಬೇಕೇ, ಅಭ್ಯಾಸ ಸಾಕೇ?

ನಿಮ್ಮ ಗೆಳೆಯನಿಗೆ ಮಂತ್ರಗಳು ಸಲೀಸಾಗಿ ಹೊಳೆಯುತ್ತವೆ, ನಿಮಗೆ ಹೊಳೆಯುವುದಿಲ್ಲ, ಆದ್ದರಿಂದ ಪಾತ್ರ ವಹಿಸಿ ದಾಳ ಹಾಕಿ ಆಡುವ ರೋಲ್‌ಪ್ಲೇಯಿಂಗ್ ಗೇಮ್‌ಗೆ ಸ್ವಂತ ಮ್ಯಾಜಿಕ್ ಸಿಸ್ಟಮ್, ಅಂದರೆ ಮಂತ್ರಗಳ ನಿಯಮಾವಳಿ, ಬರೆಯುವ ಆಸೆಯನ್ನು ಬಿಟ್ಟುಬಿಡಬೇಕೇ ಎಂದು ಕೇಳಿದ್ದೀರಿ. ಇಂಜಿನಿಯರಿಂಗ್ ಓದುವಾಗ ನಿಮ್ಮ ಆ ಗೆಳೆಯನ ಜಾಗದಲ್ಲಿ ನಾನಿದ್ದೆ. ಹಾಸ್ಟೆಲಿನಲ್ಲಿ ಎಲ್ಲರೂ "ಇದು ನಿನಗೆ ಹುಟ್ಟಿನಿಂದಲೇ ಬಂದಿದೆ" ಎನ್ನುತ್ತಿದ್ದರು, ನಾನೂ ಅದನ್ನು ನಂಬಿದ್ದೆ.

ಹದಿನಾಲ್ಕು ತಿಂಗಳು ಕುಳಿತು, ಪಂಚಭೂತಗಳನ್ನು ಆಧರಿಸಿ, ತೊಂಬತ್ತು ಪುಟಗಳ ನಿಯಮಗಳನ್ನು ಬರೆದೆ. ಮಂತ್ರ ತಟ್ಟುವ ವೃತ್ತ ಎಷ್ಟು ಮೀಟರ್ ತ್ರಿಜ್ಯದ್ದೋ ಅಷ್ಟು ಶಕ್ತಿಯ ಅಂಕಗಳನ್ನು ತೆರಬೇಕು ಎಂಬುದು ಅದರ ಮೂಲ ನಿಯಮವಾಗಿತ್ತು. ಓದಲು ಅದು ಬಹಳ ಸರಳವಾಗಿ, ನ್ಯಾಯವಾಗಿ ಕಾಣುತ್ತಿತ್ತು. ಆದರೆ 2 ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 12.6 ಚದರ ಮೀಟರ್, 6 ಮೀಟರಿನದು ಸುಮಾರು 113. ಬೆಲೆ ಮೂರು ಪಟ್ಟು ಏರಿದಾಗ ಬೆಂಕಿ ಒಂಬತ್ತು ಪಟ್ಟು ನೆಲವನ್ನು ನುಂಗುತ್ತದೆ. ಒಂದೂವರೆ ಮೀಟರಿನ ಚೌಕಗಳಿರುವ ನಮ್ಮ ನಕ್ಷೆಯ ಮೇಲೆ, ಎರಡು ಅಂಕಕ್ಕೆ ಐದಾರು ಚೌಕಗಳು ಸುಟ್ಟರೆ ಆರು ಅಂಕಕ್ಕೆ ಐವತ್ತು ಚೌಕಗಳು ಸುಡುತ್ತಿದ್ದವು. ಇದನ್ನು ನಾನು ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಗಮನಿಸಿರಲಿಲ್ಲ. ಅದಕ್ಕೂ ಮೊದಲು ಎರಡೇ ಸಲ ಆಡಿದ್ದ ಒಬ್ಬ ಕಿರಿಯ ವಿದ್ಯಾರ್ಥಿನಿ ಆಟ ಶುರುವಾದ ಅರ್ಧ ಗಂಟೆಯಲ್ಲಿ, "ಅಣ್ಣಾ, ಹಾಗಾದರೆ ಯಾವಾಗಲೂ ದೊಡ್ಡ ವೃತ್ತವನ್ನೇ ಹಾಕಬಹುದಲ್ಲ?" ಎಂದು ಕೇಳಿದಳು, ಹಾಕಿಯೂ ಬಿಟ್ಟಳು. ಅಂದಿನ ಪ್ರತಿ ಕಾಳಗವೂ ಒಂದೇ ಮಂತ್ರಕ್ಕೆ ಮುಗಿಯಿತು. ಖಡ್ಗಧಾರಿಯ ಪಾತ್ರ ವಹಿಸಿದ್ದ ಗೆಳೆಯ ಸ್ವಲ್ಪ ಹೊತ್ತಿನ ಬಳಿಕ ದಾಳಗಳನ್ನು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಸುಮ್ಮನೆ ನೋಡುತ್ತ ಕುಳಿತ.

ಲೆಕ್ಕ ತಪ್ಪಿದ್ದು ದೊಡ್ಡ ವಿಷಯವಲ್ಲ, ಮೊದಲ ವಾರದಲ್ಲಿ ತಿಳಿದಿದ್ದರೆ ಹತ್ತು ನಿಮಿಷದಲ್ಲಿ ಸರಿಪಡಿಸಬಹುದಿತ್ತು. ಮಳೆ, ಗಾಳಿ, ಗಾಯ ಮಾಯಿಸುವ ಮಂತ್ರ ಎಲ್ಲವೂ ಅದೇ ಅಳತೆಯ ಮೇಲೆ ನಿಂತಿದ್ದರಿಂದ ತೊಂಬತ್ತು ಪುಟಗಳೂ ಒಟ್ಟಿಗೆ ಬಿದ್ದವು. ಪ್ರತಿಭಾವಂತನೆಂದು ಕರೆಸಿಕೊಂಡವನು ಅರೆಬೆಂದದ್ದನ್ನು ತೋರಿಸಬಾರದೆಂದು ನಾನು ಅಷ್ಟು ಕಾಲ ಒಂದು ಪುಟವನ್ನೂ ಯಾರ ಕೈಗೂ ಕೊಟ್ಟಿರಲಿಲ್ಲ. ನನ್ನ ನಿಜವಾದ ತಪ್ಪು ಅದು. ಆಮೇಲೆ ಒಂದು ವರ್ಷ ನಾನು ಏನನ್ನೂ ಬರೆಯಲಿಲ್ಲ.

ಹೆಸರಾಂತ ರೋಲ್‌ಪ್ಲೇಯಿಂಗ್ ಗೇಮ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರವನ್ನು ನೋಡಿ. ಅದರ ತ್ರಿಜ್ಯ 20 ಅಡಿ, ಹಾನಿಗೆ ಆರು ಮುಖದ ಎಂಟು ದಾಳಗಳು. ಹೆಚ್ಚಿನ ಮಟ್ಟದ ಸ್ಲಾಟ್ (ಮಂತ್ರ ಹಾಕಲು ಇರುವ ಸೀಮಿತ ಅವಕಾಶ) ಖರ್ಚು ಮಾಡಿದರೆ ಮಟ್ಟಕ್ಕೊಂದು ದಾಳ ಹೆಚ್ಚುತ್ತದೆಯೇ ಹೊರತು ತ್ರಿಜ್ಯ ಮಾತ್ರ ಬೆಳೆಯುವುದಿಲ್ಲ. ಆ ಸಾಲನ್ನು ನಾನು ಎಷ್ಟೋ ಸಲ ಓದಿದ್ದೆ, ನನ್ನದು ಮುರಿದು ಬಿದ್ದ ಮೇಲಷ್ಟೇ ಅದರ ಅರ್ಥವಾಯಿತು. ಆ ಆವೃತ್ತಿಯನ್ನೂ 2012ರಿಂದಲೇ ಆಟಗಾರರ ಕೈಗೆ ಕೊಟ್ಟು ಆಡಿಸಿ, ತಿದ್ದಿ, ಆನಂತರ ಪ್ರಕಟಿಸಿದರು.

ಆದ್ದರಿಂದ ಪ್ರತಿಭೆಯೋ ಅಭ್ಯಾಸವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಚೆಂದದ ಹೆಸರು, ಬೆರಗಿನ ಚಿತ್ರ ಕೆಲವರಿಗೆ ಬೇಗ ಹೊಳೆಯುತ್ತವೆ, ಅದು ನಿಜ. ಆದರೆ ಮಂತ್ರಕ್ಕೆ ಬೆಲೆ ಕಟ್ಟುವ ವಿದ್ಯೆ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ಕೋಣೆಯಲ್ಲಿ ಒಬ್ಬರೇ ಕುಳಿತು ಇನ್ನೂರು ಮಂತ್ರಗಳನ್ನು ಬರೆದರೂ ಬರುವುದಿಲ್ಲ. ನಾನು ಬರೆದು ನೋಡಿದ್ದೇನೆ. ಈ ವಾರ ಮೂರೇ ಮಂತ್ರಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಾಲ್ವರನ್ನು ಕರೆದು, ಅವರಲ್ಲಿ ಒಬ್ಬರಾದರೂ ಹೊಸಬರಿರುವಂತೆ ನೋಡಿಕೊಂಡು, ನಿಯಮದಲ್ಲಿ ಲೋಪ ಕಂಡರೆ ಅದನ್ನು ಧಾರಾಳವಾಗಿ ಬಳಸಿಕೊಳ್ಳಲು ಹೇಳಿ. ಆಟ ನಡೆಯುವಾಗ ಯಾವ ನಿಯಮವನ್ನೂ ಸಮರ್ಥಿಸಿಕೊಳ್ಳಬೇಡಿ, ಯಾರು ಯಾವಾಗ ದಾಳವನ್ನು ಕೆಳಗಿಟ್ಟರು ಎಂಬುದನ್ನು ಮಾತ್ರ ಬರೆದುಕೊಳ್ಳಿ.