ಪಾತಿ ಪ್ರಶ್ನೆ: ದೀಪಾವಳಿಯಿಂದ ಸಂಕ್ರಾಂತಿವರೆಗೆ ಆಸ್ಟರ್

ಸೇವಂತಿಗೆ ಬಗ್ಗೆ ಬರೆದ ಮೇಲೆ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಆಸ್ಟರ್ ಕುರಿತೇ ಇವೆ. ನನಗಂತೂ ಬಹಳ ಸಂತೋಷವಾಯಿತು. ಚಿಕ್ಕಬಳ್ಳಾಪುರದ ಕಡೆ ಅಪ್ಪ ಹತ್ತು ಗುಂಟೆಯಲ್ಲಿ ಆಸ್ಟರ್ ಬೆಳೆಯುತ್ತಿದ್ದರು. ಬೆಳಗಿನ ಜಾವ ಲಾಟೀನು ಹಿಡಿದು ಹೂ ಬಿಡಿಸಿದ ಕೈ ಇದು. ಈಗ ದೊಡ್ಡಬಳ್ಳಾಪುರದ ಮನೆ ಹಿತ್ತಲಲ್ಲಿ ನಾಲ್ಕು ಮಡಿ, ತಾರಸಿಯಲ್ಲಿ ಮೂವತ್ತು ಕುಂಡ ಇಟ್ಟಿದ್ದೇನೆ. ಬಿತ್ತನೆಗೆ ಇದೇ ಸಕಾಲ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಆಸ್ಟರ್‌ಗೆ.

ಮೇಡಂ, ಹೋದ ವರ್ಷ ನರ್ಸರಿಯಿಂದ 40 ಆಸ್ಟರ್ ಸಸಿ ತಂದು ನೆಟ್ಟೆ. ಆಯುಧಪೂಜೆ ಹೊತ್ತಿಗೆ ಅಂಗಳದ ತುಂಬ ಹೂ. ಮೂರು ವಾರಕ್ಕೆ ಎಲ್ಲ ಒಣಗಿತು. ಕತ್ತರಿಸಿ ಗೊಬ್ಬರ ಕೊಟ್ಟರೂ ಮತ್ತೆ ಚಿಗುರಲಿಲ್ಲ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಹೂ ಇರಬೇಕಾದರೆ ಏನು ಮಾಡಬೇಕು, ಯಾವ ತಳಿ ಹಾಕಬೇಕು?
— ಗೃಹಿಣಿ, ಮೈಸೂರು

ನಿಮ್ಮಿಂದ ತಪ್ಪೇನೂ ಆಗಿಲ್ಲಮ್ಮ. ನಮ್ಮಲ್ಲಿ ಆಸ್ಟರ್ ಅಂತ ಮಾರುವುದು ಚೈನಾ ಆಸ್ಟರ್. ಒಂದೇ ಬೆಳೆಯ ಗಿಡ ಅದು. ಹೂ ಬಿಟ್ಟು, ಬೀಜ ಕಟ್ಟಿ ಮುಗಿಯುತ್ತದೆ. ಸೇವಂತಿಗೆ ಹಾಗೆ ಬುಡದಿಂದ ಕಂದು ಒಡೆಯುವುದಿಲ್ಲ, ಗುಲಾಬಿ ಹಾಗೆ ಕತ್ತರಿಸಿದರೆ ಚಿಗುರುವುದಿಲ್ಲ. ಎಷ್ಟು ಗೊಬ್ಬರ ಸುರಿದರೂ ಅಷ್ಟೇ. ನಲವತ್ತು ಸಸಿಯನ್ನು ಒಂದೇ ದಿನ ನೆಟ್ಟರೆ ನಲವತ್ತೂ ಒಟ್ಟಿಗೆ ಹೂ ಬಿಟ್ಟು ಒಟ್ಟಿಗೆ ಮುಗಿಯುತ್ತವೆ. ಮೂರು ತಿಂಗಳು ಹೂ ಬೇಕಾದರೆ ಇರುವ ದಾರಿ ಒಂದೇ, ಕಂತು ಕಂತಾಗಿ ಬಿತ್ತುವುದು.

ಬಿತ್ತಿದ ದಿನದಿಂದ ಮೊದಲ ಹೂವಿಗೆ ಹೆಚ್ಚುಕಡಿಮೆ ಮೂರೂವರೆ ತಿಂಗಳು. ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಹಿಂದಕ್ಕೆ ಎಣಿಸಿ. ಜುಲೈ 10ರ ಸುಮಾರಿಗೆ ಬಿತ್ತಿದ್ದು ಅಕ್ಟೋಬರ್ ಕೊನೆಗೆ ಅರಳುತ್ತದೆ. ಆಗಸ್ಟ್ ಮೊದಲ ವಾರದ್ದು ನವೆಂಬರ್ ನಡುವಿಗೆ, ಆಗಸ್ಟ್ ಕೊನೆಯದು ಡಿಸೆಂಬರ್ ನಡುವಿಗೆ, ಸೆಪ್ಟೆಂಬರ್ 20ರದ್ದು ಸಂಕ್ರಾಂತಿಗೆ. ನಾನು ಈ ನಾಲ್ಕೂ ಕಂತು ಬಿತ್ತುತ್ತೇನೆ, ಕಂತಿಗೆ 25 ಗಿಡದಂತೆ. ಮನೆಗೆ, ಪೂಜೆಗೆ, ಅಕ್ಕಪಕ್ಕದವರಿಗೆ ಕೊಡುವುದಕ್ಕೆ ಅಷ್ಟು ಸಾಕು.

ಸೆಪ್ಟೆಂಬರ್ ದಾಟಿ ಬಿತ್ತುವವರು ಒಂದು ವಿಷಯ ತಿಳಿದಿರಬೇಕು. ಎಳೆಯ ಆಸ್ಟರ್ ಗಿಡಕ್ಕೆ ಹಗಲು ಉದ್ದವಿದ್ದರೆ ದಂಟು ಉದ್ದ ಬರುತ್ತದೆ. ಹಗಲು ಗಿಡ್ಡವಾದರೆ ಎಲೆ ನೆಲಕ್ಕೆ ಅಂಟಿಕೊಂಡು ಕೂತು, ಗೇಣುದ್ದದ ದಂಟಿನಲ್ಲೇ ಮೊಗ್ಗು ಕಾಣಿಸುತ್ತದೆ. ನಮ್ಮ ಕಡೆ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ, ಈ ಗಿಡಕ್ಕೆ ಅಷ್ಟರಲ್ಲೇ ಗೊತ್ತಾಗುತ್ತದೆ. ಒಂದು ವರ್ಷ ಅಕ್ಟೋಬರ್‌ನಲ್ಲಿ ಬಿತ್ತಿದ ಹತ್ತು ಕುಂಡಗಳಲ್ಲಿ ಆರನ್ನು ತಾರಸಿಯಲ್ಲಿಟ್ಟು, ಜಾಗ ಸಾಲದೆ ನಾಲ್ಕನ್ನು ಜಗಲಿಯ ಮೇಲಿಟ್ಟಿದ್ದೆ. ಜಗಲಿಯಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ. ಜನವರಿಯಲ್ಲಿ ನೋಡಿದರೆ ತಾರಸಿಯವು ಮೊಣಕಾಲಿಗಿಂತ ಕೆಳಗೆ, ಜಗಲಿಯವು ಸೊಂಟಕ್ಕೆ ಬಂದಿದ್ದವು. ಬೀಜ ಅದೇ, ಮಣ್ಣೂ ಅದೇ. ಹೂವಿನ ರೈತರು ಚಳಿಗಾಲದ ಬೆಳೆಗೆ ರಾತ್ರಿ ಬಲ್ಬು ಹಾಕುವುದು ಈ ಕಾರಣಕ್ಕೇ.

ಇನ್ನು ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ತಳಿಗಳೇ ನಮ್ಮ ಹವೆಗೆ ಹೊಂದುತ್ತವೆ ಅನ್ನುವುದು ನನ್ನ ಅನುಭವ. ಕಾಮಿನಿ ಗಾಢ ಗುಲಾಬಿ. ಪೂರ್ಣಿಮಾ ಬಿಳಿ, ನಡುವೆಲ್ಲ ಎಸಳು ತುಂಬಿ ಪೌಡರ್ ಪಫ್ ಹಾಗೆ ಉಬ್ಬಿರುತ್ತದೆ. ವಯೊಲೆಟ್ ಕುಶನ್ ಹೆಸರೇ ಹೇಳುವಂತೆ ನೇರಳೆ ದಿಂಬು. ಶಶಾಂಕ ಬಿಳಿ, ನಡುವೆ ಹಳದಿ ಕಣ್ಣು ಕಾಣುತ್ತದೆ. ಈಚಿನ ಪೊಟ್ಟಣಗಳಲ್ಲಿ ಈ ಹೆಸರುಗಳ ಮೊದಲಿಗೆ 'ಅರ್ಕಾ' ಎಂದಿರುತ್ತದೆ. ಮಹಾರಾಷ್ಟ್ರದ ರಾಹುರಿ ಕೃಷಿ ವಿದ್ಯಾಪೀಠದ ಫುಲೆ ಗಣೇಶ್ ತಳಿಗಳಲ್ಲಿ ನೇರಳೆ ಬಣ್ಣದ್ದು ನನಗೆ ತುಂಬ ಇಷ್ಟ. ಹಾರಕ್ಕೆ, ಪೂಜೆಗೆ ಬಿಡಿ ಹೂ ಬೇಕಾದರೆ ಪೂರ್ಣಿಮಾ, ವಯೊಲೆಟ್ ಕುಶನ್ ಹಾಕಿ. ಬಾಳೆನಾರಲ್ಲಿ ಕಟ್ಟಿದರೆ ಹಾರ ದಟ್ಟವಾಗಿ ಕೂರುತ್ತದೆ. ಹೂದಾನಿಗೆ ಕಾಮಿನಿ, ಶಶಾಂಕ. ಉಬ್ಬು ಹೂಗಳಿಗೆ ತಲೆಭಾರ, ಮಳೆ ನೀರು ಕುಡಿದರೆ ಕತ್ತು ಬಗ್ಗಿಸುತ್ತವೆ. ಅಕ್ಟೋಬರ್ ಮಳೆಗೆ ಸಿಗುವ ಮೊದಲ ಕಂತಿಗೆ ಅವು ಬೇಡ.

ಬಿತ್ತುವಾಗ ಅವಸರ ಮಾಡಬೇಡಿ. ಬೀಜ ಮರಳಿನ ಬಣ್ಣ, ರಾಗಿಗಿಂತ ಕೊಂಚ ಉದ್ದ, ಒಂದು ತುದಿ ಚೂಪು. 1 ಗ್ರಾಂನಲ್ಲಿ 400ರ ಮೇಲೆ ಇರುತ್ತವೆ. ಟ್ರೇಯಲ್ಲಿ ಜರಡಿ ಹಿಡಿದ ಮಣ್ಣು, ಎರೆಗೊಬ್ಬರ ಸಮಸಮ ತುಂಬಿ, ಬೆರಳ ತುದಿಯಿಂದ ಗೆರೆ ಎಳೆಯಿರಿ. ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ, ರಂಗೋಲಿ ಬಿಡುವ ಹಾಗೆ ಹೆಬ್ಬೆರಳು-ತೋರುಬೆರಳ ಸಂದಿಯಿಂದ ಗೆರೆಯುದ್ದಕ್ಕೂ ಬಿಡಿ. ಮೇಲೆ ಗೊಬ್ಬರದ ಪುಡಿ ತೆಳ್ಳಗೆ ಉದುರಿಸಿ, ಹುಲ್ಲು ಮುಚ್ಚಿ, ಪೂವಾಳಿಯಲ್ಲಿ ನೀರು ಚಿಮುಕಿಸಿ. ಐದನೇ ದಿನದಿಂದ ಹುಲ್ಲು ಎತ್ತಿ ನೋಡುತ್ತಿರಿ. ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಬೇಕು, ಇಲ್ಲವಾದರೆ ಸಸಿ ಬೆಳಕಿಗೆ ಹಂಬಲಿಸಿ ದಾರದ ಹಾಗೆ ಉದ್ದವಾಗಿ ಬುಡದಲ್ಲೇ ಮಲಗಿಬಿಡುತ್ತದೆ. ತಿಂಗಳಾಗುವಾಗ ನಾಲ್ಕೈದು ಎಲೆ ಬಂದಿರುತ್ತವೆ. ಆಗ ಸಂಜೆ ಹೊತ್ತು ಒಂದಡಿ ಅಂತರದಲ್ಲಿ ನೆಡಿ. ಬೇರು ಮೇಲ್ಮೈಯಲ್ಲೇ ಹರಡುವುದರಿಂದ ಗುದ್ದಲಿ ಆಳಕ್ಕೆ ಹಾಕಬಾರದು. ಕಳೆಯನ್ನು ಕೈಯಲ್ಲೇ ಕೀಳಿ.

ಕುಡಿ ಚಿವುಟಬೇಕೇ ಎಂದು ಇನ್ನೂ ಕೆಲವರು ಕೇಳಿದ್ದಾರೆ. ಅಂಗಳದ ಅಂದಕ್ಕೆ, ಹಾರಕ್ಕೆ ಆದರೆ ನೆಟ್ಟ ತಿಂಗಳಿಗೆ ಚಿವುಟಿ. ಕವಲು ಹೆಚ್ಚು, ಹೂ ಹೆಚ್ಚು, ಆದರೆ ಕೆಲವು ದಿನ ತಡ. ಹೂದಾನಿಗೆ ಉದ್ದ ದಂಟು ಬೇಕಾದರೆ ಮುಟ್ಟಬೇಡಿ.

ಅಕ್ಕಾರ, ನಮ್ಮದು ಎರಿ ಮಣ್ಣು. ಮನಿ ಹಿಂದ ಒಂದ ಜಾಗಾದಾಗ ಮೂರು ವರ್ಷದಿಂದ ಆಸ್ಟರ್ ಹಚ್ಚಾಕತ್ತೀನಿ. ಹ್ವಾದ ಸರ್ತಿ ಮೊಗ್ಗಿ ಬರೂ ಹೊತ್ತಿಗೆ ಒಂದೊಂದ ಗಿಡ ಬಾಡಿ ಹೋತು. ನೀರು ಹಾಕಿದ್ರೂ ಏಳಲಿಲ್ಲ. ಯಾವ ಔಷಧ ಹೊಡೀಬೇಕ್ರಿ?
— ರೈತ, ಧಾರವಾಡ ತಾಲ್ಲೂಕು

ಓದುತ್ತಿದ್ದಂತೆ ಹೊಟ್ಟೆಯಲ್ಲಿ ಸಂಕಟವಾಯಿತು ತಮ್ಮಾ. ಮೂರು ತಿಂಗಳು ಸಾಕಿದ ಗಿಡ ಮೊಗ್ಗು ಹೊತ್ತು ಸಾಯುವುದನ್ನು ನಾನೂ ನೋಡಿದ್ದೇನೆ. ಇದು ಸೊರಗು ರೋಗ, ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು ನೀರು ಏರುವ ದಾರಿಯನ್ನೇ ಕಟ್ಟುತ್ತದೆ. ಮೊದಲು ಗಿಡದ ಒಂದೇ ಮಗ್ಗುಲಿನ ಎಲೆ ಹಳದಿಯಾಗಿ ಜೋಲುತ್ತವೆ, ಇನ್ನೊಂದು ಮಗ್ಗುಲು ಹಸಿರಾಗೇ ಇರುತ್ತದೆ. ಅಂಥ ಗಿಡವನ್ನು ಕಿತ್ತು ಬುಡದ ದಂಟನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿ. ತೊಗಟೆಯ ಒಳಗೆ ಕಂದು ಗೆರೆ ಮೇಲಕ್ಕೆ ಓಡಿದ್ದರೆ ಅನುಮಾನವೇ ಬೇಡ.

ಎಲೆಗೆ ಹೊಡೆಯುವ ಔಷಧಿಯಿಂದ ಇದು ವಾಸಿಯಾಗುವುದಿಲ್ಲ, ದುಡ್ಡು ಕಳೆಯಬೇಡಿ. ಬಾಡಿದ ಗಿಡ ಎಂದು ಇನ್ನಷ್ಟು ನೀರು ಹಾಕಿದರೆ ಪಕ್ಕದ ಗಿಡಕ್ಕೂ ರೋಗ ಹರಿದುಹೋಗುತ್ತದೆ. ಬೇರು ಸಮೇತ ಕಿತ್ತು ಸುಡಿ, ತಿಪ್ಪೆಗೆ ಮಾತ್ರ ಹಾಕಬೇಡಿ. ಈ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ನಾನೂ ಬಾವಿ ಪಕ್ಕದ ಒಂದೇ ಮಡಿಯಲ್ಲಿ ನಾಲ್ಕು ವರ್ಷ ಆಸ್ಟರ್ ಹಾಕಿ, ನಾಲ್ಕನೇ ವರ್ಷ ಅರವತ್ತು ಗಿಡಗಳಲ್ಲಿ ಹೂ ನೋಡಿದ್ದು ಹದಿನೊಂದರಲ್ಲಿ. ಅಲ್ಲಿಂದೀಚೆಗೆ ಆ ಮಡಿಗೆ ಆಸ್ಟರ್ ಹಾಕಿಲ್ಲ.

ಸಮಾಧಾನದ ಸಂಗತಿಯೂ ಇದೆ. ಆಸ್ಟರ್‌ಗೆ ಬರುವ ಈ ಜಾತಿಯ ಫ್ಯುಸೇರಿಯಂ ಬೇರೆ ಹೂಗಳಿಗೆ ಹೋಗುವುದಿಲ್ಲ. ಆ ಜಾಗದಲ್ಲಿ ನಿಮ್ಮ ಕಡೆಯ ಗಲಾಟೆ ಹೂ ಹಚ್ಚಿ, ಚೆಂಡು ಹೂ ಹಚ್ಚಿ, ಚೆನ್ನಾಗಿ ಬರುತ್ತವೆ. ಆಸ್ಟರ್‌ಗೆ ಬೇರೆ ಜಾಗ ನೋಡಿ, ಅಲ್ಲಿ ಗೇಣೆತ್ತರದ ಏರುಮಡಿ ಮಾಡಿ. ಎರೆ ಮಣ್ಣಿನಲ್ಲಿ ನೀರು ನಿಂತಷ್ಟೂ ಈ ರೋಗಕ್ಕೆ ಅನುಕೂಲ. ನೆಡುವುದಕ್ಕೆ ಹದಿನೈದು ದಿನ ಮುಂಚೆ ಕೊಟ್ಟಿಗೆ ಗೊಬ್ಬರಕ್ಕೆ ಬೇವಿನ ಹಿಂಡಿ, ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಅದುಮುವ ಒಳ್ಳೆಯ ಶಿಲೀಂಧ್ರ) ಪುಡಿ ಬೆರೆಸಿ, ನೆರಳಲ್ಲಿ ಗುಡ್ಡೆ ಹಾಕಿ, ತೇವದ ಗೋಣಿಚೀಲ ಮುಚ್ಚಿಡಿ. ಬಿಳಿ-ಹಸಿರು ಬೂಷ್ಟು ಹರಡಿದ ಮೇಲೆ ಮಡಿಗೆ ಸೇರಿಸಿ. ಇದು ರೋಗ ತಡೆಯುವುದಕ್ಕೆ ನೆರವಾಗುತ್ತದೆ, ಬಂದ ರೋಗವನ್ನು ಕಳೆಯುವುದಿಲ್ಲ.

ಗಿಡ ಬಾಡದೆ ಹೂವೇ ಹಸಿರಾಗಿ, ತಿರುಚಿಕೊಂಡು ಅರಳಿದರೆ ಅದು ಬೇರೆ ಕಾಯಿಲೆ. ಅದನ್ನು ಜಿಗಿಹುಳು ಹರಡುತ್ತದೆ. ಅಂಥ ಗಿಡ ಕಂಡ ದಿನವೇ ಕಿತ್ತುಹಾಕಿ.

ಅಮ್ಮಾ, ಹೂದಾನಿಯಲ್ಲಿಟ್ಟ ಆಸ್ಟರ್ ಎರಡೇ ದಿನಕ್ಕೆ ನೀರು ಕೆಟ್ಟು ನಾತ ಬರುತ್ತದೆ.
— ವಿದ್ಯಾರ್ಥಿನಿ, ಶಿವಮೊಗ್ಗ

ನೀರಲ್ಲಿ ಮುಳುಗುವ ಎಲೆಯನ್ನೆಲ್ಲ ತೆಗೆದುಬಿಡು ಮಗಳೇ. ಆಸ್ಟರ್ ಎಲೆ ನೀರಲ್ಲಿ ಬೇಗ ಕೊಳೆಯುತ್ತದೆ, ನಾತ ಅದರದೇ. ಬಿಸಿಲೇರುವ ಮುಂಚೆ ಕೊಯ್ಯಿ, ಬಕೆಟ್ ನೀರು ಜೊತೆಗೇ ಇರಲಿ. ಹೊರಗಿನ ಎಸಳು ಪೂರ್ತಿ ಬಿಚ್ಚಿ, ನಡುಭಾಗ ಇನ್ನೂ ಬಿಗಿಯಾಗಿರುವ ಹೂವನ್ನೇ ಆರಿಸು. ಹಳದಿ ಕಣ್ಣಿನಲ್ಲಿ ಪರಾಗದ ಪುಡಿ ಬೆರಳಿಗೆ ಅಂಟಿದರೆ ಅದಕ್ಕೆ ವಯಸ್ಸಾಗಿದೆ ಅಂತ, ಅದು ದೇವರಿಗೆ ಇರಲಿ. ದಿನಾ ನೀರು ಬದಲಿಸಿ, ದಂಟಿನ ತುದಿಯನ್ನು ಅರ್ಧ ಇಂಚು ಓರೆಯಾಗಿ ಕತ್ತರಿಸು. ಒಂದು ವಾರ ನಿಲ್ಲುತ್ತದೆ.

ನಮಸ್ಕಾರ ಆಂಟಿ. ಇಲ್ಲಿ ಸೆಪ್ಟೆಂಬರ್ ಬಂದರೆ ರಸ್ತೆ ಬದಿಯಲ್ಲೆಲ್ಲ ನೇರಳೆ ಆಸ್ಟರ್. ಅಮ್ಮ ಕೋಲಾರದಲ್ಲಿ ಬೆಳೆಯುತ್ತಿದ್ದದ್ದೂ ಇದೇನಾ? ಊರಿಂದ ಬೀಜ ತರಿಸಬಹುದಾ?
— ಕನ್ನಡತಿ, ನ್ಯೂಜೆರ್ಸಿ

ಒಂದೇ ಕುಟುಂಬ, ಆದರೆ ಗಿಡ ಬೇರೆ. ಆಸ್ಟರ್ ಅಂದರೆ ಗ್ರೀಕ್ ಭಾಷೆಯಲ್ಲಿ ನಕ್ಷತ್ರ. ನಕ್ಷತ್ರದ ಹಾಗೆ ಎಸಳು ಚಾಚಿದ ಎಷ್ಟೋ ಹೂಗಳಿಗೆ ಆ ಹೆಸರು ಅಂಟಿತು. ನಿಮ್ಮ ಅಮ್ಮನದು ಚೈನಾ ಆಸ್ಟರ್. ನೀವು ನೋಡುತ್ತಿರುವುದು ಬಹುಮಟ್ಟಿಗೆ ನ್ಯೂ ಇಂಗ್ಲೆಂಡ್ ಆಸ್ಟರ್, ಅಮೆರಿಕದ ಪೂರ್ವಭಾಗದ್ದೇ ಕಾಡುಗಿಡ. ಅದರ ಎಲೆಯ ಬುಡ ದಂಟನ್ನು ತಬ್ಬಿಕೊಂಡಿರುತ್ತದೆ, ಹತ್ತಿರ ಹೋಗಿ ನೋಡಿ. ಅದು ವರ್ಷ ವರ್ಷವೂ ಬೇರಿಂದ ಚಿಗುರುತ್ತದೆ. ದಕ್ಷಿಣಕ್ಕೆ ವಲಸೆ ಹೋಗುವ ಮೊನಾರ್ಕ್ ಚಿಟ್ಟೆಗಳಿಗೆ ದಾರಿಯ ಊಟ ಈ ಹೂವು. ನಿಮ್ಮ ಅಂಗಳದಲ್ಲಿ ಎರಡು ಗಿಡ ಖಂಡಿತ ನೆಡಿ. ಎತ್ತರ ಬೆಳೆದು ಬೀಳುತ್ತದೆ, ಆದ್ದರಿಂದ ಜೂನ್ ಮುಗಿಯುವುದರೊಳಗೆ ಅರ್ಧಕ್ಕೆ ಕತ್ತರಿಸಿ; ಆಮೇಲೆ ಕತ್ತರಿಸಿದರೆ ಮೊಗ್ಗು ಹೋಗುತ್ತದೆ. ಪರ್ಪಲ್ ಡೋಮ್ ತಳಿ ಒಂದೂವರೆ ಅಡಿಯಲ್ಲೇ ನಿಲ್ಲುತ್ತದೆ, ಅದಕ್ಕೆ ಕತ್ತರಿಯೂ ಬೇಡ, ಕೋಲೂ ಬೇಡ. ಎರಡು ಮೂರು ವರ್ಷಕ್ಕೊಮ್ಮೆ ವಸಂತದಲ್ಲಿ ಬುಡ ಎತ್ತಿ ಪಾಲು ಮಾಡಿ ನೆಡಿ. ಕೊಯ್ದು ಒಳಗಿಟ್ಟರೆ ಮಾತ್ರ ಕತ್ತಲಾಗುತ್ತಲೇ ಎಸಳು ಮುಚ್ಚಿಕೊಳ್ಳುತ್ತದೆ.

ಅಮ್ಮನ ಹೂವೇ ಬೇಕೆನ್ನುವ ಆಸೆ ನನಗೆ ಅರ್ಥವಾಗುತ್ತದೆ. ಊರಿಂದ ಬೀಜ ತರಿಸಲು ಅನುಮತಿ ಪತ್ರ ಬೇಕಾಗುತ್ತದೆ, ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ. ಚೈನಾ ಆಸ್ಟರ್ ಬೀಜ ಅಲ್ಲೇ ಸಿಗುತ್ತದೆ. ಏಪ್ರಿಲ್ ಮೊದಲಲ್ಲಿ ಮನೆಯೊಳಗೆ ಕಿಟಕಿ ಪಕ್ಕ ಟ್ರೇಯಲ್ಲಿ ಬಿತ್ತಿ, ಮಂಜು ಹೆಪ್ಪುಗಟ್ಟುವ ಭಯ ಕಳೆದ ಮೇಲೆ, ಅಂದರೆ ಮೇ ನಡುವಿನ ನಂತರ ಹೊರಗೆ ನೆಡಿ. ಆಗಸ್ಟ್‌ನಲ್ಲಿ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ತೋರಿಸಬಹುದು.

ಎರಡು ವರ್ಷದ ಹಿಂದೆ ಎತ್ತಿಟ್ಟ ಆಸ್ಟರ್ ಬೀಜ ಒಂದೂ ಹುಟ್ಟಲಿಲ್ಲ. ಯಾಕೆ?
— ನಿವೃತ್ತ ಶಿಕ್ಷಕ, ಹಾಸನ

ಸರ್, ಆಸ್ಟರ್ ಬೀಜಕ್ಕೆ ಆಯಸ್ಸು ಕಡಿಮೆ. ವರ್ಷ ತುಂಬುವುದರೊಳಗೆ ಶಕ್ತಿ ಇಳಿದುಹೋಗುತ್ತದೆ, ಅದರಲ್ಲೂ ಮಳೆಗಾಲದ ತೇವ ತಗುಲಿದರೆ ಬಹಳ ಬೇಗ. ಒಂದು ಸಲ ಅಂಗಡಿಯಲ್ಲಿ ಕೊಂಡ ಹಳೇ ಪೊಟ್ಟಣದಿಂದ ನಾನೂ ಒಂದು ಕಂತು ಕಳೆದುಕೊಂಡೆ. ಅಂದಿನಿಂದ ಪೊಟ್ಟಣದ ಮೇಲಿನ ಪರೀಕ್ಷೆಯ ದಿನಾಂಕ ನೋಡದೆ ಕೊಳ್ಳುವುದಿಲ್ಲ. ಮನೆ ಬೀಜವಾದರೆ ಹೂ ಪೂರ್ತಿ ಒಣಗಿ, ನಡುವೆ ಹತ್ತಿಯಂಥ ನವಿರು ಎದ್ದಾಗ ಕಿತ್ತು, ನೆರಳಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಮುಂದಿನ ಹಂಗಾಮಿಗೇ ಬಿತ್ತಿಬಿಡಿ. ಬಿತ್ತುವ ಮುಂಚೆ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹತ್ತು ದಿನಕ್ಕೆ ಏಳು ಮೊಳೆತರೆ ಧೈರ್ಯವಾಗಿ ಬಿತ್ತಿ, ನಾಲ್ಕೈದಾದರೆ ಎರಡರಷ್ಟು ಬಿತ್ತಿ, ಅದಕ್ಕಿಂತ ಕಡಿಮೆಯಾದರೆ ಹೊಸ ಬೀಜ ತನ್ನಿ. ಜುಲೈ ಕಂತಿಗೆ ಇನ್ನೂ ಸಮಯವಿದೆ.