ಓದುಗರ ಪ್ರಶ್ನೆ: ಝೆಪಾದ ಕಮಾಂಡರ್ ಅವ್ದೋ ಪಾಲಿಚ್

ಪ್ರಶ್ನೆ: ಸರ್, ನಮ್ಮ ಚಿಕ್ಕಪ್ಪ ಮಿಲ್ಟ್ರಿಯಲ್ಲಿದ್ದು ರಿಟೈರ್ ಆದವರು. ಬೋಸ್ನಿಯಾ ಯುದ್ಧದ ಮಾತು ಬಂದಾಗೆಲ್ಲ ಅವ್ದೋ ಪಾಲಿಚ್ ಅನ್ನುವ ಹೆಸರು ಹೇಳುತ್ತಾರೆ. ಯಾರು ಅವರು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಚಿಕ್ಕಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ನಮ್ಮಲ್ಲಿ ಹೆಚ್ಚು ಜನ ಕೇಳಿರದ ಹೆಸರು ಇದು, ಆದರೆ ಕೇಳಿರಬೇಕಾದ ಹೆಸರು.

ಪಾಲಿಚ್ ಹುಟ್ಟಿದ್ದು 1958ರಲ್ಲಿ. ಬೋಸ್ನಿಯಾಕ್, ಅಂದರೆ ಬೋಸ್ನಿಯಾದ ಮುಸ್ಲಿಂ ಸಮುದಾಯದವರು. ಯುಗೊಸ್ಲಾವಿಯಾ ಒಡೆದು 1992ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ಝೆಪಾ ಅನ್ನುವ ಊರನ್ನು ಕಾಯುವ ಪಡೆಗೆ ಅವರು ಕಮಾಂಡರ್ ಆದರು. ಭಾಗಮಂಡಲದ ಕಡೆಯ ಹಳ್ಳಿಗಳ ಹಾಗೆ ಸುತ್ತಲೂ ಬೆಟ್ಟ, ಕಾಡು, ನಡುವೆ ಕಣಿವೆ. ಆಸುಪಾಸಿನ ಊರುಗಳಿಂದ ಓಡಿ ಬಂದವರೆಲ್ಲ ಅಲ್ಲೇ ಸೇರಿದ್ದರು. ಅಲ್ಲಿನ ಇನ್ನೊಂದು ಸಮುದಾಯವಾದ ಸರ್ಬರ ಸೈನ್ಯ ಊರನ್ನು ಮೂರು ವರ್ಷ ಸುತ್ತುವರಿದಿತ್ತು. ಅಷ್ಟೂ ದಿನ ಊರು ನಿಂತಿತು.

1995ರ ಜುಲೈ 11ರಂದು ಪಕ್ಕದ ಸ್ರೆಬ್ರೆನಿತ್ಸಾ ಬಿತ್ತು. ಅಲ್ಲಿ ಏಳೆಂಟು ಸಾವಿರ ಗಂಡಸರು, ಹುಡುಗರ ಹತ್ಯೆಯಾಯಿತು. ಮುಂದಿನ ಸರದಿ ಝೆಪಾದ್ದು. ಹೆಂಗಸರು, ಮಕ್ಕಳು, ಗಾಯಾಳುಗಳನ್ನು ಬಸ್ಸಿನಲ್ಲಿ ಹೊರಗೆ ಕಳಿಸುವ ಮಾತುಕತೆ ನಡೆಯಿತು. ಪಾಲಿಚ್ ಕಾಡು ಸೇರಿ ತಪ್ಪಿಸಿಕೊಳ್ಳಬಹುದಿತ್ತು, ಆದರೆ ಮಾತುಕತೆಗೆ ಎದುರಿಗೇ ಹೋಗಿ ಕೂತರು, ಜನ ಹೊರಟು ಹೋಗುವವರೆಗೂ ಅಲ್ಲೇ ಇದ್ದರು. ನನ್ನ ಮಟ್ಟಿಗೆ ಅವರು ದೊಡ್ಡವರಾಗುವುದು ಇಲ್ಲಿ, ಕೋವಿ ಹಿಡಿದ ಮೂರು ವರ್ಷಕ್ಕಿಂತ ಜಾಸ್ತಿ. ಜುಲೈ 27ರಂದು ವಿಶ್ವಸಂಸ್ಥೆಯ ಸೈನಿಕರು ನೋಡುತ್ತಿದ್ದಂತೆಯೇ ಸರ್ಬ್ ಸೈನಿಕರು ಅವರನ್ನು ಬಲವಂತವಾಗಿ ಎಳೆದೊಯ್ದರು. ಬಿಯೆಲಿನಾ ಊರಿನ ಮಿಲಿಟರಿ ಜೈಲಿನಲ್ಲಿ ಇಟ್ಟರು. ಸೆಪ್ಟೆಂಬರ್ ಮೊದಲ ವಾರದ ಒಂದು ರಾತ್ರಿ ಅಲ್ಲಿಂದಲೂ ಕರೆದೊಯ್ದರು. ಆಮೇಲೆ ಅವರನ್ನು ಜೀವಂತವಾಗಿ ಕಂಡವರಿಲ್ಲ.

ಪ್ರಶ್ನೆ: ವಿಶ್ವಸಂಸ್ಥೆಯ ಸೈನಿಕರು ಯಾಕೆ ತಡೆಯಲಿಲ್ಲ? ನಮ್ಮ ಜನರಲ್ ತಿಮ್ಮಯ್ಯನವರೂ ಅಂಥದ್ದೇ ಪಡೆ ನಡೆಸಿದವರಲ್ವಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಹೌದು, ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಕಮಾಂಡರ್ ಆಗಿದ್ದರು, 1965ರ ಡಿಸೆಂಬರಿನಲ್ಲಿ ಆ ಹುದ್ದೆಯಲ್ಲಿರುವಾಗಲೇ ತೀರಿಕೊಂಡರು. ಆದರೆ ಝೆಪಾದ ಕಥೆ ಬೇರೆ. 1993ರ ಮೇ ತಿಂಗಳಲ್ಲಿ ಭದ್ರತಾ ಮಂಡಳಿ ಅದನ್ನು 'ಸುರಕ್ಷಿತ ಪ್ರದೇಶ' ಅಂತ ಘೋಷಿಸಿತು. ಕಾಯಲು ಕಳಿಸಿದ್ದು ಮಾತ್ರ ಉಕ್ರೇನಿನ ನೂರಕ್ಕೂ ಕಡಿಮೆ ಸೈನಿಕರನ್ನು. ಟ್ಯಾಂಕು, ಫಿರಂಗಿ ಇರುವ ಸೈನ್ಯದ ಎದುರು ಅವರೇನು ಮಾಡಿಯಾರು? ಆ ಸೈನಿಕರಿಗಿಂತ ಅವರನ್ನು ಹಾಗೆ ಕಳಿಸಿದವರ ಮೇಲೆ ನನಗೆ ಸಿಟ್ಟು ಜಾಸ್ತಿ.

ಪ್ರಶ್ನೆ: ಒಬ್ಬರ ಹೀರೋ ಇನ್ನೊಬ್ಬರಿಗೆ ವೈರಿ. ಸರ್ಬರ ಕಡೆಯವರು ಏನು ಹೇಳುತ್ತಾರೆ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಕೇಳಬೇಕಾದ ಮಾತೇ. 1992ರ ಜೂನ್ 4ರಂದು ಝೆಪಾದ ಹತ್ತಿರದ ಬೆಟ್ಟದ ದಾರಿಯಲ್ಲಿ ಸರ್ಬ್ ಸೈನ್ಯದ ವಾಹನಗಳ ಸಾಲಿನ ಮೇಲೆ ಝೆಪಾದವರು ಹೊಂಚು ಹಾಕಿ ದಾಳಿ ಮಾಡಿದರು, ಅನೇಕ ಸೈನಿಕರು ಸತ್ತರು. ಅವರ ಮನೆಗಳಲ್ಲಿ ಆ ನೋವು ಇನ್ನೂ ಇದೆ, ಅದನ್ನು ಸುಮ್ನೆ ತಳ್ಳಿಹಾಕಬಾರದು. ಆದರೆ ಮಾತುಕತೆಗೆ ಬಂದವರನ್ನು ಹಿಡಿದು, ವಿಚಾರಣೆಯೇ ಇಲ್ಲದೆ ಕೊಂದು, ಹೆಣ ಬಚ್ಚಿಡುವುದಕ್ಕೆ ಅದು ಯಾವ ಸಮರ್ಥನೆಯೂ ಅಲ್ಲ.

ಪ್ರಶ್ನೆ: ಅವರ ಹೆಂಡತಿಯ ಕೇಸು ಬಹಳ ಮುಖ್ಯವಾದದ್ದು ಅಂತ ಓದಿದೆ. ಏನದು?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಪತ್ನಿ ಎಸ್ಮಾ ಪಾಲಿಚ್ ಬೋಸ್ನಿಯಾದ ಮಾನವ ಹಕ್ಕುಗಳ ನ್ಯಾಯಪೀಠಕ್ಕೆ ಹೋದರು. ಅವರು ಕೇಳಿದ್ದು ಒಂದೇ: ನನ್ನ ಗಂಡ ಎಲ್ಲಿ? 2001ರ ಜನವರಿಯಲ್ಲಿ ತೀರ್ಪು ಬಂತು. ಪಾಲಿಚ್‌ಗೆ ಅನ್ಯಾಯ ಆಗಿದೆ ಅಂತ ಅಷ್ಟೇ ಹೇಳಿ ಪೀಠ ಮುಗಿಸಲಿಲ್ಲ. ಏನಾಯಿತು ಅಂತ ಹೆಂಡತಿಗೆ ತಿಳಿಸದೆ ವರ್ಷಗಟ್ಟಲೆ ಇಟ್ಟಿದ್ದು ಆಕೆಯ ಮೇಲೇ ನಡೆಸಿದ ಅಮಾನವೀಯ ವರ್ತನೆ ಅಂತಲೂ ಹೇಳಿತು. ತನಿಖೆ ಮಾಡಿ, ಸತ್ತಿದ್ದರೆ ದೇಹ ಕೊಡಿ ಅಂತ ಬೋಸ್ನಿಯಾದೊಳಗಿನ ಸರ್ಬ್ ಆಡಳಿತಕ್ಕೆ ಆದೇಶ ಕೊಟ್ಟಿತು. ಅವರು ಎಳೆದಾಡಿದರು.

ಕೊಡಗಿನವರಿಗೆ ಈ ಕಾಯುವಿಕೆ ಹೊಸದಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವಾಪಸ್ ಬರಲಿಲ್ಲ. ಅವರು ಹೇಗೆ ಹೋರಾಡಿ ಬಿದ್ದರು ಅನ್ನುವುದು ಹೊರಗೆ ಬರಲು ಎಷ್ಟೋ ವರ್ಷ ಬೇಕಾಯಿತು, ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಅಷ್ಟು ವರ್ಷ ಆ ಮನೆಯವರು ಹೇಗೆ ದಿನ ದೂಡಿರಬೇಡ! ಎಸ್ಮಾ ಅವರ ಸಂಕಟ ನಮಗೆ ಬೇಗ ಅರ್ಥವಾಗುವುದು ಇದಕ್ಕೇ. ವ್ಯತ್ಯಾಸವೂ ಇದೆ. ದೇವಯ್ಯನವರ ವಿಷಯದಲ್ಲಿ ಸುದ್ದಿ ಬರುವುದೇ ತಡವಾಯಿತು, ಎಸ್ಮಾ ಅವರ ವಿಷಯದಲ್ಲಿ ಏನಾಯಿತು ಅಂತ ಗೊತ್ತಿದ್ದವರೇ ಬಾಯಿ ಬಿಡಲಿಲ್ಲ.

ಎದೆ ಹಿಂಡುವ ಸಂಗತಿ ಇನ್ನೊಂದಿದೆ. ಬೋಸ್ನಿಯಾದ ರೊಗಾತಿತ್ಸಾ ಊರಿನ ಹತ್ತಿರದ ಸಾಮೂಹಿಕ ಗೋರಿಯೊಂದರಿಂದ ಪಾಲಿಚ್ ಅವರ ಮೂಳೆಗಳನ್ನು 2001ರಲ್ಲೇ ಹೊರತೆಗೆದಿದ್ದರು, ಆದರೆ ಅವು ಯಾರವು ಅಂತ ತಿಳಿಯದೆ ಹಾಗೇ ಉಳಿದಿದ್ದವು. ಡಿಎನ್‌ಎ ಪರೀಕ್ಷೆಯಲ್ಲಿ ಪಾಲಿಚ್ ಅವರದೇ ಅಂತ ಖಚಿತವಾಗಿದ್ದು 2009ರ ಆಗಸ್ಟ್‌ನಲ್ಲಿ. ಅದೇ ತಿಂಗಳು ಝೆಪಾದಲ್ಲಿ ಅವರನ್ನು ಮಣ್ಣು ಮಾಡಿದರು.

ಪ್ರಶ್ನೆ: ಯಾರಿಗಾದರೂ ಶಿಕ್ಷೆ ಆಯಿತಾ?
– ಅದೇ ಓದುಗರು, ಗೋಣಿಕೊಪ್ಪ

ಉತ್ತರ: ಸರ್ಬ್ ಸೈನ್ಯದ ಜನರಲ್ ಜ್ದ್ರಾವ್ಕೊ ತೊಲಿಮಿರ್‌ಗೆ ಯುಗೊಸ್ಲಾವಿಯಾ ಯುದ್ಧಾಪರಾಧಗಳ ವಿಚಾರಣೆಗೆ ವಿಶ್ವಸಂಸ್ಥೆ ಮಾಡಿದ್ದ ಹೇಗ್‌ನ ನ್ಯಾಯಮಂಡಳಿ 2012ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಸ್ರೆಬ್ರೆನಿತ್ಸಾದ ಹತ್ಯೆಗಳ ಜೊತೆಗೆ ಪಾಲಿಚ್ ಸೇರಿ ಝೆಪಾದ ಮೂವರು ಮುಖಂಡರ ಹತ್ಯೆಯೂ ಆ ತೀರ್ಪಿನಲ್ಲಿತ್ತು. 2015ರ ಮೇಲ್ಮನವಿಯಲ್ಲಿ, ಈ ಮೂವರ ಹತ್ಯೆಯನ್ನು ನರಮೇಧ (ಒಂದು ಸಮುದಾಯವನ್ನೇ ನಾಶ ಮಾಡುವ ಉದ್ದೇಶದ ಅಪರಾಧ) ಅನ್ನಲಾಗದು ಅಂತಾಯಿತು, ಆದರೆ ಜೀವಾವಧಿ ಶಿಕ್ಷೆ ಹಾಗೇ ಉಳಿಯಿತು. ಮರುವರ್ಷ ಆತ ಬಂಧನದಲ್ಲೇ ಸತ್ತ.