‘ಅಂತೆ’ಯನ್ನು ಅಳಿಸುವ ಮುನ್ನ

ಮಾನ್ಯ ಶಿಕ್ಷಕರೇ,

ಎಂಟನೆಯ ತರಗತಿಯ ಮಕ್ಕಳು ಶಾಲೆಯ ಸುದ್ದಿಯನ್ನು ಗೆಳೆಯರಿಗೆ ಮೆಸೇಜ್ ಕಳಿಸಿದ ಹಾಗೆ ಬರೆಯುತ್ತಾರೆ, ‘ಶಿಷ್ಟ ಭಾಷೆ ಬಳಸಿ’ ಎಂದರೆ ಅದೇ ಬರಹ ಸುತ್ತೋಲೆಯಂತಾಗುತ್ತದೆ ಎಂದಿದ್ದೀರಿ. ತಪ್ಪು ಮಕ್ಕಳದಲ್ಲ. ‘ಶಿಷ್ಟ’ ಎಂದ ಕೂಡಲೇ ಅವರು ಕಠಿಣ ಪದ ಹುಡುಕುತ್ತಾರೆ. ‘ಊಟ ಮಾಡಿದರು’ ಹೋಗಿ ‘ಭೋಜನ ಸ್ವೀಕರಿಸಲ್ಪಟ್ಟಿತು’ ಬರುತ್ತದೆ. ಕೆಲವು ದಿನ ‘ಶಿಷ್ಟ’ ಎಂಬ ಪದವನ್ನೇ ಬದಿಗಿಡಿ. ‘ಘಟನೆಯನ್ನು ಕಾಣದ, ನಿಮ್ಮ ಪರಿಚಯವೂ ಇಲ್ಲದ ಒಬ್ಬರಿಗೆ ಬರೆಯಿರಿ’ ಎನ್ನಿ.

ಅಭ್ಯಾಸ ಬಾಯಿಮಾತಿನಿಂದ ಶುರುವಾಗಲಿ. ಒಬ್ಬರು ಒಂದು ನಿಮಿಷ ಹೇಳಲಿ, ಇನ್ನೊಬ್ಬರು ಆಡಿದ ಹಾಗೇ ಬರೆದುಕೊಳ್ಳಲಿ. ‘ನಿನ್ನೆ ಗಾಳಿಗೆ ಸೈಕಲ್ ಸ್ಟ್ಯಾಂಡಿನ ಶೀಟ್ ಹಾರಿಹೋಯ್ತಂತೆ, ತುಂಬಾ ಸೈಕಲ್ ಹಾಳಾಯ್ತಂತೆ’ ಎಂದು ಸಿಕ್ಕಿತೆನ್ನಿ. ‘ಹೋಯ್ತು’ವನ್ನು ‘ಹೋಯಿತು’ ಮಾಡುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಪಾಠವಿರುವುದು ‘ಅಂತೆ’ಯಲ್ಲಿ. ನಾನು ಕಂಡಿಲ್ಲ, ಯಾರೋ ಹೇಳಿದರು ಎಂಬುದನ್ನು ಮಾತಿನಲ್ಲಿ ಆ ಎರಡಕ್ಷರವೇ ತಿಳಿಸಿಬಿಡುತ್ತದೆ. ಸುದ್ದಿಯಲ್ಲಿ ಆ ‘ಯಾರೋ’ ಯಾರೆಂದು ಬರೆಯಬೇಕು. ‘ಅಂತೆ’ಯನ್ನು ಬರೀ ಅಳಿಸಿದರೆ ಕೇಳಿದ್ದು ಕಂಡದ್ದಾಗುತ್ತದೆ, ಭಾಷೆ ತಿದ್ದಲು ಹೋಗಿ ಸುದ್ದಿ ಕೆಡುತ್ತದೆ. ಇನ್ನು ‘ನಿನ್ನೆ’ಯ ಜಾಗಕ್ಕೆ ವಾರ, ‘ತುಂಬಾ’ದ ಜಾಗಕ್ಕೆ ಎಣಿಸಿದ ಸಂಖ್ಯೆ. ಆಗ ಸಿಗುವುದು: ‘ಸೋಮವಾರ ಸಂಜೆಯ ಗಾಳಿಗೆ ಸೈಕಲ್ ಸ್ಟ್ಯಾಂಡಿನ ಚಾವಣಿ ಹಾರಿಹೋಗಿದ್ದು, 14 ಸೈಕಲ್‌ಗಳಿಗೆ ಹಾನಿಯಾಗಿದೆ ಎಂದು ಕಾವಲುಗಾರರು ತಿಳಿಸಿದರು.’ ಇದರಲ್ಲಿ ಕಠಿಣ ಪದ ಒಂದೂ ಇಲ್ಲ.

ಬೇರೆಯವರ ಮಾತನ್ನು ದಾಖಲಿಸುವಾಗ ಮಕ್ಕಳು ಹೆಚ್ಚು ಎಡವುತ್ತಾರೆ. ಮುಖ್ಯ ಶಿಕ್ಷಕರು ‘ನಾನು ನಾಳೆಯೇ ರಿಪೇರಿ ಮಾಡಿಸ್ತೀನಿ’ ಎಂದಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಗೇ ಇಡಬಹುದು. ಅಲ್ಲಿ ಆಡುಮಾತು ತಪ್ಪಲ್ಲ. ಇಲ್ಲವೇ ‘ಮರುದಿನವೇ ದುರಸ್ತಿ ಮಾಡಿಸುವುದಾಗಿ ಹೇಳಿದರು’ ಎನ್ನಬಹುದು. ‘ತಾವು ನಾಳೆಯೇ ಮಾಡಿಸುತ್ತೇನೆ ಎಂದು ಹೇಳಿದರು’ ಎಂಬುದು ಎರಡರ ಕಲಬೆರಕೆ. ‘ನಾನು’, ‘ನಾಳೆ’, ‘ಇಲ್ಲಿ’ ಬದಲಾಗುವುದಾದರೆ ಒಟ್ಟಿಗೇ ಬದಲಾಗಬೇಕು. ‘ಹೇಳಿದರು’, ‘ತಿಳಿಸಿದರು’ ಎಷ್ಟು ಸಲ ಬಂದರೂ ಬೇಸರವಿಲ್ಲ. ವೈವಿಧ್ಯಕ್ಕೆಂದು ‘ಒಪ್ಪಿಕೊಂಡರು’ ಎಂದು ಬರೆದರೆ ಅವರು ತಪ್ಪು ಮಾಡಿದ್ದರು ಎಂಬ ತೀರ್ಪನ್ನು ವರದಿಗಾರರೇ ಕೊಟ್ಟಂತಾಗುತ್ತದೆ.

‘ಸರ್’, ‘ಮೇಡಂ’ ಬದಲು ಹೆಸರು, ಹುದ್ದೆ ಬರೆಯಲಿ.

‘ಲಾಯಿತು’, ‘ಲ್ಪಟ್ಟಿತು’ ಕಂಡಲ್ಲೆಲ್ಲ ‘ಯಾರು?’ ಎಂದು ಅಂಚಿನಲ್ಲಿ ಬರೆಯಿರಿ. ‘ಬಹುಮಾನ ವಿತರಿಸಲಾಯಿತು’ ಎಂಬುದನ್ನು ತಿದ್ದದೆ ಹಾಗೇ ಬಿಡಬಹುದು. ‘ಮರಗಳನ್ನು ಕಡಿಯಲಾಯಿತು’ ಎಂಬುದನ್ನು ಹಾಗೇ ಬಿಡಬೇಡಿ. ಕಡಿದವರು ಯಾರು ಎಂಬುದೇ ಅಲ್ಲಿ ಸುದ್ದಿ.

ತಿದ್ದುವಾಗ ಎಲ್ಲವನ್ನೂ ಒಟ್ಟಿಗೆ ಕೆಂಪು ಮಾಡಿದರೆ ಮಗು ಯಾವುದನ್ನೂ ಕಲಿಯುವುದಿಲ್ಲ. ಮೊದಲ ಓದಿನಲ್ಲಿ ಯಾರು ಹೇಳಿದರು ಎಂಬುದನ್ನಷ್ಟೇ ನೋಡಿ, ಎರಡನೆಯದರಲ್ಲಿ ದಿನ ಮತ್ತು ಸಂಖ್ಯೆ, ಮೂರನೆಯದರಲ್ಲಿ ಕ್ರಿಯಾಪದಗಳ ರೂಪ. ಬಳಿಕ ಗಟ್ಟಿಯಾಗಿ ಓದಿಸಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ವಾಕ್ಯ ಉದ್ದವಾದಷ್ಟೂ ಏನಾಯಿತೆಂದು ತಿಳಿಯಲು ಓದುಗ ಕಾಯಬೇಕು. ಓದುವ ಮಗುವಿಗೆ ಎಲ್ಲಿ ಉಸಿರು ಸಾಲದೋ ಅಲ್ಲೇ ವಾಕ್ಯವನ್ನು ಎರಡಾಗಿಸಲಿ.

– ಸಂಪಾದಕರು